ಒಂದು ರಾಜ್ಯ, ಎರಡು ತುದಿ

ಅಮೆರಿಕದ ಟೆಕ್ಸಾಸ್‌ನಲ್ಲಿ ಜಮೀನಿನ ವ್ಯಾಜ್ಯ ಸೋತವನು ಕಟ್ಟಕಡೆಗೆ ಹತ್ತುವುದು ರಾಜ್ಯದ ಸುಪ್ರೀಂ ಕೋರ್ಟಿನ ಮೆಟ್ಟಿಲು. ಕೊಲೆ ಕೇಸಿನಲ್ಲಿ ಶಿಕ್ಷೆಯಾದವನಿಗೆ ಅಲ್ಲಿ ಪ್ರವೇಶವಿಲ್ಲ. ಅವನ ಪಾಲಿಗೆ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯವೇ ರಾಜ್ಯದಲ್ಲಿ ಕೊನೆಯದು. ಎರಡರಲ್ಲೂ ಒಂಬತ್ತೊಂಬತ್ತು ನ್ಯಾಯಾಧೀಶರು, ಪಕ್ಷದ ಹೆಸರಿನಲ್ಲಿ ಚುನಾವಣೆಗೆ ನಿಲ್ಲುವವರು. ಒಂದರ ಮಾತು ಇನ್ನೊಂದನ್ನು ಕಟ್ಟಿಹಾಕುವುದಿಲ್ಲ. ಓಕ್ಲಹೋಮ ಬಿಟ್ಟರೆ ಬೇರಾವ ರಾಜ್ಯದಲ್ಲೂ ಈ ಏರ್ಪಾಡಿಲ್ಲ.

ಕೇಸುಗಳ ಹೊರೆ ತಾಳಲಾರದೆ 19ನೇ ಶತಮಾನದಲ್ಲಿ ಮಾಡಿಕೊಂಡ ವಿಭಜನೆ ಇದು. ಬರೀ ಕ್ರಿಮಿನಲ್ ಕೇಸು ಕೇಳುತ್ತ ಕೂತವರ ಮನಸ್ಸು ಮರಗಟ್ಟುತ್ತದೆ ಎಂಬ ಸುಲಭದ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ವೈಜ್ಞಾನಿಕ ಸಾಕ್ಷ್ಯ ಎಷ್ಟು ನಂಬಲರ್ಹ ಎಂದು ಮೊದಲೇ ಪರೀಕ್ಷಿಸಬೇಕೆಂಬ ನಿಯಮವನ್ನು ಕ್ರಿಮಿನಲ್ ಕೋರ್ಟು 1992ರಲ್ಲೇ ಹಾಕಿತ್ತು. ಸುಪ್ರೀಂ ಕೋರ್ಟು ಸಿವಿಲ್ ದಾವೆಗಳಿಗೆ ಅಂಥದ್ದನ್ನು ತಂದದ್ದು 1995ರಲ್ಲಿ. ಪರಿಣತಿಯಿಂದ ಲಾಭವಿದೆ. ತಕರಾರು ಬೇರೆ: ಎರಡೂ ಡಿಕ್ಕಿ ಹೊಡೆದರೆ ಬಿಡಿಸುವವರು ಯಾರು?

2024ರ ಅಕ್ಟೋಬರ್ 17ರಂದು ಅದೇ ಆಯಿತು. ಎರಡು ವರ್ಷದ ಮಗಳನ್ನು ಕೊಂದ ಆರೋಪದಲ್ಲಿ ಮರಣದಂಡನೆಯಾಗಿದ್ದವನನ್ನು ಹಂಟ್ಸ್‌ವಿಲ್ ಜೈಲಿನಲ್ಲಿ ವಿಷದ ಚುಚ್ಚುಮದ್ದಿಗೆ ಸಿದ್ಧಪಡಿಸಲಾಗಿತ್ತು. ಅವನನ್ನು ತಪ್ಪಿತಸ್ಥನೆಂದ ವೈದ್ಯಕೀಯ ಸಿದ್ಧಾಂತದ ಮೇಲೇ ಅನುಮಾನ ಎದ್ದಿತ್ತು. ಕ್ರಿಮಿನಲ್ ಕೋರ್ಟು ಅವನ ಅರ್ಜಿ ತಳ್ಳಿಹಾಕಿತ್ತು. ಆಗ ಶಾಸಕರ ಸಮಿತಿಯೊಂದು ‘ಇವನು ನಮ್ಮೆದುರು ಸಾಕ್ಷಿ ಹೇಳಬೇಕು’ ಎಂದು ಸಮನ್ಸ್ ಹೊರಡಿಸಿತು. ಅದನ್ನು ಆಧರಿಸಿ ಕೆಳ ನ್ಯಾಯಾಧೀಶರು ಕೊಟ್ಟ ತಡೆಯನ್ನೂ ಕ್ರಿಮಿನಲ್ ಕೋರ್ಟು ರದ್ದು ಮಾಡಿತು. ಶಾಸಕರು ಸುಪ್ರೀಂ ಕೋರ್ಟಿಗೆ ಓಡಿದರು: ಇದು ಸಮನ್ಸಿನ ತಗಾದೆ, ಅಂದರೆ ಸಿವಿಲ್! ಅಂದು ರಾತ್ರಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ಆತ ಉಳಿದ.

ಜಾಣ ವಕಾಲತ್ತು, ನಿಜ. ಆದರೆ ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ಆ ರಾತ್ರಿ ಸುಪ್ರೀಂ ಕೋರ್ಟು ಮುಟ್ಟಲಿಲ್ಲ, ಮುಟ್ಟುವ ಅಧಿಕಾರವೂ ಅದಕ್ಕಿರಲಿಲ್ಲ. ಫೈಲಿನ ಮೇಲೆ ‘ಸಿವಿಲ್’ ಎಂದು ಬರೆದದ್ದು ಜೀವ ಉಳಿಸಿತು. ಸಮನ್ಸ್ ತೋರಿಸಿ ಮರಣದಂಡನೆ ತಡೆಯುವಂತಿಲ್ಲ ಎಂದು ಮುಂದಿನ ತಿಂಗಳೇ ಅದೇ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2025ರ ಅಕ್ಟೋಬರ್‌ನಲ್ಲಿ ಮತ್ತೆ ದಿನ ಗೊತ್ತಾದಾಗ ತಡೆ ಕೊಟ್ಟದ್ದು ಕ್ರಿಮಿನಲ್ ಕೋರ್ಟು, ಈ ಸಲ ವಿಜ್ಞಾನದ ಪ್ರಶ್ನೆಯ ಮೇಲೆ.

ನಮ್ಮ ಹೈಕೋರ್ಟಿನಲ್ಲಿ ರೋಸ್ಟರ್ ಬದಲಾದರೆ, ನಿನ್ನೆ ಪಾಲುಪಾರೀಕತ್ತಿನ ಮೇಲ್ಮನವಿ ಕೇಳಿದವರೇ ಇಂದು ಕೊಲೆಯ ಮೇಲ್ಮನವಿ ಕೇಳುತ್ತಾರೆ. ಬಾಕಿ ಕೇಸುಗಳ ರಾಶಿ ಕಂಡು, ಇಲ್ಲೂ ಕ್ರಿಮಿನಲ್‌ಗೆ ಬೇರೆ ಕೋರ್ಟು ಕಟ್ಟೋಣ ಎನ್ನುವವರು ಹುಟ್ಟಿದರೆ, ನ್ಯಾಯಾಧೀಶರ ಸಂಖ್ಯೆ ಹೆಚ್ಚಿಸಿ, ಬೇಕಾದಷ್ಟು ಪೀಠ ಮಾಡಿ, ತುದಿಯನ್ನು ಮಾತ್ರ ಸೀಳಬೇಡಿ ಎಂದೇ ನಾನು ಹೇಳುವುದು.