ಆರೋಗ್ಯ ಅಂಕಣ: ಬಿಪಿ ಜೊತೆಗೆ ಹೋಮೋಸಿಸ್ಟೀನ್

"ಡಾಕ್ಟ್ರೇ, ಹೋಮೋಸಿಸ್ಟೀನ್ ಜಾಸ್ತಿ ಇದೆಯಂತೆ. ವಿಟಮಿನ್ ತಗೊಂಡ್ರೆ ಬಿಪಿ ಮಾತ್ರೆ ಬಿಡಬಹುದಾ?" ಎಂದು ಕೆಲವರು ಕೇಳುತ್ತಾರೆ. ಖಂಡಿತ ಬಿಡಬೇಡಿ.

ಹೋಮೋಸಿಸ್ಟೀನ್ ನಾವು ತಿನ್ನುವ ಪ್ರೋಟೀನಿನಿಂದ ದೇಹದಲ್ಲಿ ಹುಟ್ಟುವ ಅಮೈನೋ ಆಮ್ಲ. ಅದು ರಕ್ತದಲ್ಲಿ ಉಳಿಯದಂತೆ ನೋಡಿಕೊಳ್ಳಲು ಫೋಲಿಕ್ ಆಮ್ಲ, ಬಿ6, ಬಿ12 ಬೇಕು. ಲೀಟರಿಗೆ 15 ಮೈಕ್ರೋಮೋಲ್ ದಾಟಿದರೆ ಸಾಮಾನ್ಯವಾಗಿ ಹೆಚ್ಚು ಎನ್ನುತ್ತೇವೆ.

2015ರಲ್ಲಿ ಪ್ರಕಟವಾದ ಚೀನಾದ ಅಧ್ಯಯನದಲ್ಲಿ 20,702 ಬಿಪಿ ರೋಗಿಗಳಿದ್ದರು. ಎನಲಾಪ್ರಿಲ್ ಒಂದನ್ನೇ ತೆಗೆದುಕೊಂಡವರಿಗಿಂತ, ಅದರ ಜೊತೆ 0.8 ಮಿ.ಗ್ರಾಂ ಫೋಲಿಕ್ ಆಮ್ಲವನ್ನೂ ತೆಗೆದುಕೊಂಡವರಲ್ಲಿ ಮೊದಲ ಪಾರ್ಶ್ವವಾಯು ಶೇ. 21ರಷ್ಟು ಕಡಿಮೆಯಾಯಿತು. ಹೃದಯಾಘಾತ ಮಾತ್ರ ತಗ್ಗಲಿಲ್ಲ. ಗಮನಿಸಿ, ಎರಡೂ ಗುಂಪಿನವರು ಬಿಪಿ ಮಾತ್ರೆ ನುಂಗುತ್ತಲೇ ಇದ್ದರು.

ಇಲ್ಲಿ ಅಮೆರಿಕದಲ್ಲಿ 1998ರಿಂದ ಮೈದಾ, ಬ್ರೆಡ್, ಪಾಸ್ತಾಗಳಿಗೆ ಫೋಲಿಕ್ ಆಮ್ಲ ಬೆರೆಸುತ್ತಾರೆ. ಸಸ್ಯಾಹಾರಿಗಳಾದ ನಮ್ಮವರಿಗೆ ಹೆಚ್ಚಾಗಿ ಕೊರತೆಯಾಗುವುದು ಬಿ12. ಹಾಲು, ಮೊಸರಿನಲ್ಲಿ ಅದು ಸ್ವಲ್ಪ ಇದೆ. ಸೊಪ್ಪು, ಬೇಳೆಯಲ್ಲಿ ಇಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇನ್ನೂ ಇಳಿಯಬಹುದು. ಬಿ12 ಪರೀಕ್ಷಿಸದೆ ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತಹೀನತೆ ಮರೆಯಾಗಿ, ನರಗಳ ಹಾನಿ ಒಳಗೊಳಗೇ ಮುಂದುವರಿದೀತು.

ಆದ್ದರಿಂದ ನಿಮ್ಮ ವೈದ್ಯರನ್ನು ಕೇಳಿ ಬಿ12 ಪರೀಕ್ಷೆ ಮಾಡಿಸಿ. ಬಿಪಿ 130/80ರೊಳಗೆ ಇರಲಿ. ಹಬ್ಬದೂಟದಲ್ಲಿ ಉಪ್ಪಿನಕಾಯಿ, ಹಪ್ಪಳ ಎಲೆಯ ತುದಿಯಲ್ಲೇ ಉಳಿದರೂ ಚಿಂತೆಯಿಲ್ಲ.