ಬೇಲಿಯಾಚೆ ನಿಂತವರಿಗೆ ಯಾರು ಹೊಣೆ?

2019ರ ಫೆಬ್ರುವರಿ 19. ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ಉದ್ಘಾಟನೆಗೆ ಒಂದೇ ದಿನ ಬಾಕಿ. ಯಲಹಂಕದ ಮೇಲೆ ತಾಲೀಮು ನಡೆಸುತ್ತಿದ್ದ ವಾಯುಪಡೆಯ ಸೂರ್ಯಕಿರಣ ಕಸರತ್ತು ತಂಡದ ಎರಡು ಹಾಕ್ ವಿಮಾನಗಳು ಆಕಾಶದಲ್ಲೇ ಒಂದಕ್ಕೊಂದು ತಾಗಿ ಉರುಳಿದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಪ್ರಾಣ ಕಳೆದುಕೊಂಡರು. ಇನ್ನೊಂದು ವಿಮಾನದಲ್ಲಿದ್ದ ಇಬ್ಬರು ಪೈಲಟ್‌ಗಳು ಪ್ಯಾರಾಚೂಟ್ ಸಹಾಯದಿಂದ ಇಳಿದು ಬದುಕಿಕೊಂಡರು. ವಿಮಾನಗಳು ಬಿದ್ದದ್ದು ವಾಯುನೆಲೆಯ ಹೊರಗೆ, ಇಸ್ರೊ ಲೇಔಟ್ ಬಳಿ, ಜನವಸತಿಯ ಪಕ್ಕದಲ್ಲಿ. ನೆಲದ ಮೇಲಿದ್ದ ನಾಗರಿಕರೊಬ್ಬರಿಗೂ ಗಾಯವಾಯಿತು.

ಮಡಿದ ಪೈಲಟ್‌ಗೆ ನಾಡು ತಲೆಬಾಗಿತು. ಆದರೆ ವಿಮಾನಗಳು ಎಲ್ಲಿ ಬಿದ್ದವು ಎಂಬುದರ ಬಗ್ಗೆ ನಡೆಯಬೇಕಾದಷ್ಟು ಚರ್ಚೆ ನಡೆಯಲಿಲ್ಲ. ಟಿಕೆಟ್ ಪಡೆದು ಒಳಗೆ ಕೂರುವವರ ವಿಷಯದಲ್ಲಿ ವಾಯುಪಡೆ ಸಾಕಷ್ಟು ಎಚ್ಚರ ವಹಿಸುತ್ತದೆ. ಯಲಹಂಕದ ಪ್ರದರ್ಶನದಲ್ಲಿ ವಿಮಾನ ಬಿದ್ದು ಪ್ರೇಕ್ಷಕರು ಸತ್ತದ್ದಿಲ್ಲ. ಅಪಾಯ ಉಳಿದಿರುವುದು ಬೇಲಿಯ ಹೊರಗೆ. ತಾರಸಿ ಹತ್ತಿ ನಿಂತವರು, ಬಳ್ಳಾರಿ ರಸ್ತೆಯ ಪಕ್ಕ ಬೈಕ್ ನಿಲ್ಲಿಸಿ ಮೊಬೈಲ್ ಎತ್ತಿ ಹಿಡಿದವರು, ಅವರಿಗೆ ಕಬ್ಬಿನ ಹಾಲು, ಕಡಲೆಕಾಯಿ ಮಾರುವವರು, ಪ್ರದರ್ಶನದ ಗೊಡವೆಯೇ ಇಲ್ಲದೆ ಕೆಲಸಕ್ಕೆ ಹೊರಟವರು ಎಲ್ಲರೂ ಅಲ್ಲೇ ಇರುತ್ತಾರೆ. 2025ರಲ್ಲಿ ಹಾರಾಟ ಮಾತ್ರ ನೋಡುವ ಟಿಕೆಟ್ಟಿಗೂ ತಲೆಗೆ ಸಾವಿರ ರೂಪಾಯಿ ಇತ್ತು. ಮಧುಗಿರಿಯಿಂದಲೋ ಕೊರಟಗೆರೆಯಿಂದಲೋ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೊರಟ ದಂಪತಿಗೆ ಬಸ್ ಚಾರ್ಜು ಬಿಟ್ಟು ನಾಲ್ಕು ಸಾವಿರ. ಅವರು ನಿಲ್ಲುವುದು ರಸ್ತೆ ಬದಿಯಲ್ಲೇ. ನಮ್ಮ ಸುರಕ್ಷತಾ ಯೋಜನೆಗಳಲ್ಲಿ ಆ ಕುಟುಂಬಕ್ಕೆ ಜಾಗ ಇಲ್ಲ ಎಂಬುದೇ ನನ್ನ ತಕರಾರು.

ಅಪಾಯ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸೂರ್ಯಕಿರಣದ ವಿಮಾನಗಳು ರೆಕ್ಕೆಯಿಂದ ರೆಕ್ಕೆಗೆ ಐದು ಮೀಟರಿಗೂ ಕಡಿಮೆ ಅಂತರದಲ್ಲಿ ಹಾರುತ್ತವೆ. ವೇಗ ಗಂಟೆಗೆ 600 ಕಿ.ಮೀ. ಎಂದು ಹಿಡಿದರೂ ಒಂದು ಸೆಕೆಂಡಿಗೆ ಸುಮಾರು 167 ಮೀಟರ್ ದಾಟಿಹೋಗುತ್ತವೆ. ಪೈಲಟ್ ಸೀಟಿನ ಸಮೇತ ಹೊರಚಿಮ್ಮಿದ ಮೇಲೆ ವಿಮಾನ ನಿಂತಲ್ಲೇ ಬೀಳುವುದಿಲ್ಲ. ಯಾವ ದಿಕ್ಕಿಗೆ ನುಗ್ಗುತ್ತಿತ್ತೋ ಆ ದಿಕ್ಕಿಗೇ, ಟ್ಯಾಂಕಿನ ಇಂಧನದೊಂದಿಗೆ ಹೋಗಿ ಅಪ್ಪಳಿಸುತ್ತದೆ. ಕೆಳಗೆ ನಿಂತವನಿಗೆ ಏನಾಯಿತೆಂದು ಅರ್ಥವಾಗುವಷ್ಟರಲ್ಲಿ ಎರಡು ಮೂರು ಸೆಕೆಂಡು ಕಳೆದಿರುತ್ತವೆ. ಹೆಗಲ ಮೇಲೆ ಮಗುವಿದ್ದರೆ ಹತ್ತು ಹೆಜ್ಜೆ ಓಡುವುದೂ ಕಷ್ಟ. ಹಾಗಾಗಿ ಈ ವಿಷಯದಲ್ಲಿ ‘ಎಚ್ಚರಿಕೆ’ ಎಂಬುದಕ್ಕೆ ಆ ಗಳಿಗೆಯಲ್ಲಿ ಅರ್ಥವೇ ಇಲ್ಲ. ಜನ ಎಲ್ಲಿ ನಿಲ್ಲಬಾರದು, ವಿಮಾನ ಎತ್ತ ತಿರುಗಬಾರದು ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ಜಗತ್ತು ಇದನ್ನು ಹೆಣಗಳ ನಡುವೆ ನಿಂತು ಕಲಿತಿದೆ. 1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡದ ಮೂರು ವಿಮಾನಗಳು ಡಿಕ್ಕಿಯಾದವು. ಅವುಗಳಲ್ಲೊಂದು ಜನರತ್ತಲೇ ಮುಖ ಮಾಡಿ ಬರುತ್ತಿತ್ತು. ಮೂವರು ಪೈಲಟ್‌ಗಳೂ ಸೇರಿ 70 ಮಂದಿ ಸತ್ತರು. 2002ರ ಜುಲೈ 27ರಂದು ಉಕ್ರೇನಿನ ಲ್ವಿವ್ ಬಳಿ ಸುಖೋಯ್-27 ವಿಮಾನ ಪ್ರೇಕ್ಷಕರ ಮಧ್ಯೆ ನುಗ್ಗಿ 77 ಮಂದಿ ಬಲಿಯಾದರು. ಇಂದು ಅಮೆರಿಕದಲ್ಲಿ ಅತಿ ವೇಗದ ಜೆಟ್‌ಗಳು ಪ್ರೇಕ್ಷಕರಿಂದ 1,500 ಅಡಿ, ಅಂದರೆ ಸುಮಾರು 450 ಮೀಟರ್ ದೂರದಲ್ಲಿ ಕಸರತ್ತು ಮಾಡಬೇಕು. ಜನರತ್ತ ನುಗ್ಗುವ ಯಾವ ಭಂಗಿಗೂ ಅಲ್ಲಿ ಅವಕಾಶವಿಲ್ಲ.

ಆದರೆ ನಮಗೆ ಹೆಚ್ಚು ಪಾಠವಾಗಬೇಕಾದದ್ದು ಇಂಗ್ಲೆಂಡಿನ ಶೋರ್‌ಹ್ಯಾಮ್. 2015ರ ಆಗಸ್ಟ್ 22ರಂದು ಅಲ್ಲಿ ಹಾಕರ್ ಹಂಟರ್ ಎಂಬ ಹಳೆಯ ಯುದ್ಧವಿಮಾನವೊಂದು ಲಾಗ ಹೊಡೆಯುವಾಗ ಸಾಕಷ್ಟು ಎತ್ತರ ತಲುಪದೆ ಹೆದ್ದಾರಿಯ ಮೇಲೆ ಬಿತ್ತು. ಮೈದಾನದಲ್ಲಿದ್ದ ಪ್ರೇಕ್ಷಕರಿಗೆ ಏನೂ ಆಗಲಿಲ್ಲ. ಸತ್ತ 11 ಮಂದಿ ಆ ರಸ್ತೆಯಲ್ಲಿ ಇದ್ದವರು. ರಾಮ್‌ಸ್ಟೈನ್ ಕಲಿಸಿದ ನಿಯಮ ಒಳಗಿನವರನ್ನು ಕಾಪಾಡಿತು, ಹೊರಗಿನವರನ್ನು ಕಾಪಾಡಲಿಲ್ಲ. ಅಲ್ಲಿನ ತನಿಖಾ ಸಂಸ್ಥೆ ಎರಡು ವರ್ಷದೊಳಗೆ ಪೂರ್ತಿ ವರದಿಯನ್ನು ಜನರ ಮುಂದಿಟ್ಟಿತು, ನಿಯಮಗಳು ಬಿಗಿಯಾದವು.

ನಮ್ಮಲ್ಲೂ ಶೋರ್‌ಹ್ಯಾಮ್‌ನಂಥ ಸುಳಿವುಗಳು ಬೇಕಾದಷ್ಟು ಸಿಕ್ಕಿವೆ. 2007ರ ಫೆಬ್ರುವರಿ 2ರಂದು ಯಲಹಂಕದಲ್ಲೇ, ಏರೋ ಇಂಡಿಯಾ ತಾಲೀಮಿನಲ್ಲೇ, ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್ ಬಿದ್ದು ಸ್ಕ್ವಾಡ್ರನ್ ಲೀಡರ್ ಪ್ರಿಯೆ ಶರ್ಮಾ ಮೃತಪಟ್ಟರು. 2010ರ ಮಾರ್ಚ್ 3ರಂದು ಹೈದರಾಬಾದಿನ ಬೇಗಂಪೇಟೆಯಲ್ಲಿ ನೌಕಾಪಡೆಯ ಸಾಗರ್ ಪವನ್ ತಂಡದ ಕಿರಣ್ ವಿಮಾನ ಬೋವೆನ್‌ಪಲ್ಲಿಯ ಕಟ್ಟಡವೊಂದಕ್ಕೆ ಅಪ್ಪಳಿಸಿತು. ಇಬ್ಬರು ಅಧಿಕಾರಿಗಳು ಸತ್ತರು, ಕೆಳಗಿದ್ದವರು ಗಾಯಗೊಂಡರು. ಸೂರ್ಯಕಿರಣದ ಮೂಲನೆಲೆ ಬೀದರ್‌ನ ಸುತ್ತಮುತ್ತ 2006 ಮತ್ತು 2009ರಲ್ಲಿ ಅಭ್ಯಾಸದ ವೇಳೆ ಮೂವರು ಪೈಲಟ್‌ಗಳನ್ನು ಕಳೆದುಕೊಂಡಿದ್ದೇವೆ. ಇವುಗಳಲ್ಲಿ ಹೆಚ್ಚಿನವು ನಡೆದದ್ದು ತಾಲೀಮಿನ ದಿನಗಳಲ್ಲಿ. ಗಣ್ಯರು ಬರುವ ದಿನ ಸಾಲುಗಟ್ಟಿ ನಿಲ್ಲುವ ಅಗ್ನಿಶಾಮಕ ವಾಹನ, ಆಂಬುಲೆನ್ಸ್, ಸಂಚಾರ ಪೊಲೀಸರು ಅಷ್ಟೇ ಸಂಖ್ಯೆಯಲ್ಲಿ ತಾಲೀಮಿನ ದಿನ ಬೇಲಿಯ ಹೊರಗೂ ಇರಬೇಕು. ಆ ದಿನ ಶಾಲೆ ನಡೆಯುತ್ತಿರುತ್ತದೆ, ಕಟ್ಟಡದ ಕೆಲಸ ನಡೆಯುತ್ತಿರುತ್ತದೆ. ಯಾರಿಗೂ ರಜೆ ಇರುವುದಿಲ್ಲ.

ಒಂದು ವ್ಯತ್ಯಾಸವನ್ನು ಇಲ್ಲಿ ಹೇಳಲೇಬೇಕು. ಫ್ಲೈಪಾಸ್ಟ್ ಬೇರೆ, ಕಸರತ್ತು ಬೇರೆ. ನಿಗದಿತ ಎತ್ತರದಲ್ಲಿ, ನೇರ ಸಾಲಿನಲ್ಲಿ ಊರನ್ನು ದಾಟಿ ಹೋಗುವ ಫ್ಲೈಪಾಸ್ಟ್‌ನಲ್ಲಿ ಅಪಾಯ ಕಡಿಮೆ. ಲಾಗ ಹಾಕುವುದು, ಎದುರುಬದುರು ಬಂದು ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವುದು, ತಲೆಕೆಳಗಾಗಿ ಹಾರುವುದು ಇವೆಲ್ಲ ತಪ್ಪಿಗೆ ಆಸ್ಪದವೇ ಇಲ್ಲದ ಕೆಲಸಗಳು. 2023ರ ದಸರಾದಲ್ಲಿ ಸೂರ್ಯಕಿರಣ ಮೈಸೂರಿನ ಬನ್ನಿಮಂಟಪದ ಮೇಲೆ ಪ್ರದರ್ಶನ ನೀಡಿತು. ಜನ ಮನಸಾರೆ ಸಂತೋಷಪಟ್ಟರು. ಅಂಥ ಊರಿನ ನಡುವೆ ನೇರ ಹಾರಾಟ ಸಾಕು, ಕಸರತ್ತು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ನೇರ ಹಾರಾಟವೂ ಪೂರ್ತಿ ನಿರಪಾಯವಲ್ಲ. 2020ರ ಮೇ 17ರಂದು ಕೆನಡಾದ ಸ್ನೋಬರ್ಡ್ಸ್ ತಂಡ, ಕೋವಿಡ್ ಕಾಲದಲ್ಲಿ ಜನರಿಗೆ ಧೈರ್ಯ ತುಂಬಲು ಊರೂರಿನ ಮೇಲೆ ಹಾರುತ್ತಿದ್ದಾಗ, ಎಂಜಿನ್ನಿಗೆ ಹಕ್ಕಿ ಸಿಕ್ಕಿ ಒಂದು ವಿಮಾನ ಕ್ಯಾಮ್‌ಲೂಪ್ಸ್ ಪಟ್ಟಣದ ಮನೆಗಳ ನಡುವೆ ಬಿತ್ತು. ಕ್ಯಾಪ್ಟನ್ ಜೆನಿಫರ್ ಕೇಸಿ ತೀರಿಕೊಂಡರು.

ಹಕ್ಕಿಗಳ ಅಪಾಯ ನಮ್ಮ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತು. 2023ರಲ್ಲಿ ಯಲಹಂಕದ ಸುತ್ತ 10 ಕಿ.ಮೀ., 2025ರಲ್ಲಿ 13 ಕಿ.ಮೀ. ವ್ಯಾಪ್ತಿಯ ಮಾಂಸದಂಗಡಿಗಳನ್ನು ಬಿಬಿಎಂಪಿ ವಾರಗಟ್ಟಲೆ ಮುಚ್ಚಿಸಿತು. ಎಸೆದ ತ್ಯಾಜ್ಯಕ್ಕೆ ಹದ್ದುಗಳು ಮುಗಿಬೀಳುತ್ತವೆ ಎಂಬ ಕಾರಣಕ್ಕೆ. ಕುರಿ ಕಡಿಯುವವನ ದುಡಿಮೆ ನಿಲ್ಲಿಸುವಷ್ಟು ದೂರದವರೆಗೆ ನಕ್ಷೆ ಎಳೆಯಬಲ್ಲ ಆಡಳಿತ, ವಿಮಾನ ಯಾವ ಮನೆಗಳ ಮೇಲೆ ಮಗುಚುತ್ತದೆ ಎಂಬ ನಕ್ಷೆಯನ್ನು ಅದೇ ಮನೆಗಳವರಿಗೆ ಯಾಕೆ ತೋರಿಸುವುದಿಲ್ಲ?

ಈಗ ನಮ್ಮ ತುಮಕೂರು ಸೀಮೆಯ ಮಾತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಶಿರಾ, ಪಾವಗಡಗಳ ಮಗ್ಗುಲಿನ ಚಳ್ಳಕೆರೆಯಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಿಂದ ಇದೆ. ಶಿರಾ ಬಳಿ ವಿಮಾನ ನಿಲ್ದಾಣ ಬೇಕೆಂಬ ಬೇಡಿಕೆಯೂ ಕೇಳಿಬರುತ್ತಿದೆ. ಹೀಗಿರುವಾಗ ನಾಳೆ ಇಲ್ಲಿಯ ಯಾವುದೋ ಉತ್ಸವಕ್ಕೆ ಜೆಟ್ ಹಾರಿಸಿ ಎಂಬ ಒತ್ತಾಯ ಬರುವುದು ದೂರದ ಮಾತಲ್ಲ. ಅದಕ್ಕೆ ಮೊದಲು ನೆಲವನ್ನು ನೋಡಬೇಕು.

ಮಧುಗಿರಿಯ ಏಕಶಿಲಾ ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1,193 ಮೀಟರ್. ಊರು ಇರುವುದು ಅದರ ಬುಡದಲ್ಲಿ. ಪ್ರದರ್ಶನದ ಜೆಟ್ ನೆಲದಿಂದ ನೂರಿನ್ನೂರು ಮೀಟರಿಗೆ ಇಳಿಯುತ್ತದೆ. ಅಂದರೆ ದಂಡಿನ ಮಾರಮ್ಮನ ಜಾತ್ರೆಯ ದಿನ ಅಷ್ಟು ಕೆಳಗೆ ಊರ ಮೇಲೆ ಹಾದುಹೋಗುವ ವಿಮಾನ ಬೆಟ್ಟದ ತುದಿಗಿಂತ ಎಷ್ಟೋ ಕೆಳಗಿರುತ್ತದೆ. ಎಂಜಿನ್ ಕೈಕೊಟ್ಟರೆ ಪೈಲಟ್‌ಗೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಮನೆಗಳು. ಪಾವಗಡವೂ ಕೋಟೆಬೆಟ್ಟದ ಮಡಿಲಿನ ಊರೇ. ಶ್ರಾವಣದ ಶನಿವಾರ ಶನಿಮಹಾತ್ಮನ ಗುಡಿಯ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಯಲು ಬೇಕೆಂದು ತಿರುಮಣಿಯ ಕಡೆ ಹೋದರೆ 13,000 ಎಕರೆಯ ಸೌರ ಪಾರ್ಕು, ಅದರ ವಿದ್ಯುತ್ ಗೋಪುರಗಳು, ತಂತಿಗಳು. ಕೊರಟಗೆರೆಗೆ ಸಿದ್ದರಬೆಟ್ಟ, ಚನ್ನರಾಯನದುರ್ಗದ ಸಾಲು. ಶಿರಾದ ನೆಲ ಸಪಾಟು, ನಿಜ. ಆದರೆ ಅಲ್ಲಿ ಕಗ್ಗಲಡು ಇದೆ. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಹಳ್ಳಿಯವರು ಅವುಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ. ಎರಡು ಮೂರು ಕಿಲೋ ತೂಗುವ ಹಕ್ಕಿ ಬಿಸಿಗಾಳಿಯೊಂದಿಗೆ ಸುತ್ತುತ್ತಾ ಮೇಲೇರುವ ಹೊತ್ತಿನಲ್ಲಿ ಜೆಟ್ ಬಂದರೆ ಕೊಕ್ಕರೆಗೂ ಕೇಡು, ಪೈಲಟ್‌ಗೂ ಕೇಡು. ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದೂ ಕಸರತ್ತಿಗೆ ತಕ್ಕ ಜಾಗವಲ್ಲ.

ಹಾಗಾದರೆ ಬೆಂಗಳೂರಿನಿಂದ ಪ್ರದರ್ಶನವನ್ನೇ ಚಳ್ಳಕೆರೆಯ ಬಯಲಿಗೆ ಒಯ್ಯಿರಿ ಎನ್ನುವವರಿದ್ದಾರೆ. 1996ರಲ್ಲಿ ಏರೋ ಇಂಡಿಯಾ ಶುರುವಾದಾಗ ಯಲಹಂಕ ಪ್ರತ್ಯೇಕ ಊರಾಗಿತ್ತು; 2007ರಲ್ಲಿ ಬಿಬಿಎಂಪಿಗೆ ಸೇರಿತು, ಈಗ ನಗರವೇ ಅದನ್ನು ನುಂಗಿದೆ. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ನಮ್ಮ ತೇಜಸ್ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಹುತಾತ್ಮರಾದಾಗ ನೆಲದ ಮೇಲೆ ಬೇರೆ ಜೀವಹಾನಿ ಆಗಲಿಲ್ಲ. ಸುತ್ತ ತೆರವು ಜಾಗ ಇದ್ದರೆ ಎಷ್ಟು ಪ್ರಾಣ ಉಳಿಯುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಲೆಕ್ಕದಲ್ಲಿ ಈ ವಾದ ಸರಿಯಿದೆ. ಆದರೆ ಬಯಲೆಂದರೆ ನಿರ್ಜನವಲ್ಲ. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಡ್ರೋನ್ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ತಪಸ್ ಡ್ರೋನ್ ಶಿರಾಕ್ಕೆ ಅಂಟಿಕೊಂಡ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಬಿತ್ತು. ಎರಡೂ ಸಲ ಜನ ಅವಶೇಷದ ಸುತ್ತ ನೆರೆದರು. ಏನು ಬಿದ್ದಿದೆ, ಹತ್ತಿರ ಹೋಗಬಹುದೇ ಎಂದು ಅವರಿಗೆ ಮೊದಲೇ ಯಾರಾದರೂ ಹೇಳಿದ್ದರೆ ಹಾಗಾಗುತ್ತಿರಲಿಲ್ಲ. ಯುದ್ಧವಿಮಾನದ ಅವಶೇಷದಲ್ಲಿ ಸಿಡಿಯದೆ ಉಳಿದ ಸೀಟಿನ ಮದ್ದು ಇರಬಹುದು. ಸುಟ್ಟ ಕಾರ್ಬನ್ ನಾರಿನ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಹತ್ತಿ ಉರಿಯುವ ಇಂಧನಕ್ಕೆ ನೀರು ಸಾಲದು, ನೊರೆ ಬೇಕು. ಹಾರಾಟದ ದಿನವಾದರೂ ಹತ್ತಿರದ ಅಗ್ನಿಶಾಮಕ ಠಾಣೆಯಲ್ಲಿ ಅದು ಸಿದ್ಧವಿರಬೇಕು.

ಮಾಹಿತಿಯ ಕೊರತೆ ನಗರಕ್ಕೂ ತಪ್ಪಿದ್ದಲ್ಲ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರು ಒಂದು ಭಾರಿ ಸದ್ದಿಗೆ ಬೆಚ್ಚಿಬಿತ್ತು. ಭೂಕಂಪವೋ ಸ್ಫೋಟವೋ ಎಂದು ಜನ ತಾಸುಗಟ್ಟಲೆ ತಡಕಾಡಿದರು. ವಾಯುಪಡೆಯ ಪರೀಕ್ಷಾ ವಿಮಾನವೊಂದು ಶಬ್ದಕ್ಕಿಂತ ಹೆಚ್ಚಿನ ವೇಗದಿಂದ ಅದಕ್ಕಿಂತ ಕಡಿಮೆ ವೇಗಕ್ಕೆ ಇಳಿಯುವಾಗ ಎದ್ದ ಸದ್ದು ಎಂದು ರಕ್ಷಣಾ ಇಲಾಖೆ ತಿಳಿಸಿದ್ದು ಆಮೇಲೆ.

ಗುಂಪಿನ ಅಪಾಯವೂ ಇದೆ. 2024ರ ಅಕ್ಟೋಬರ್ 6ರಂದು ಚೆನ್ನೈ ಮರೀನಾದಲ್ಲಿ ನಡೆದ ವಾಯುಪಡೆಯ ಪ್ರದರ್ಶನದಲ್ಲಿ ಒಂದು ವಿಮಾನವೂ ಬೀಳಲಿಲ್ಲ. ನಡುಹಗಲಿನ ಬಿಸಿಲಲ್ಲಿ ಲಕ್ಷಾಂತರ ಜನ ಸೇರಿ ಐವರು ಸತ್ತರು. ಯಲಹಂಕದಲ್ಲೇ 2019ರ ಫೆಬ್ರುವರಿ 23ರಂದು ಪ್ರದರ್ಶನದ ಪಾರ್ಕಿಂಗ್ ಜಾಗಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟವು.

ಎಲ್ಲಕ್ಕಿಂತ ನೋವಿನ ಸಂಗತಿ, ಸೇನಾ ವಿಮಾನ ಬಿದ್ದಾಗ ನಡೆಯುವ ವಿಚಾರಣೆಯ ವರದಿ ನಮ್ಮಲ್ಲಿ ಜನರ ಕೈಗೆ ಬರುವುದಿಲ್ಲ. ನಾಗರಿಕ ವಿಮಾನದ ತನಿಖಾ ವರದಿ ಪ್ರಕಟವಾಗುತ್ತದೆ; ಸೇನೆಯ ‘ಕೋರ್ಟ್ ಆಫ್ ಎನ್‌ಕ್ವೈರಿ’ ಒಳಗೇ ಉಳಿಯುತ್ತದೆ. 2017ರಿಂದ 2022ರವರೆಗೆ ವಾಯುಪಡೆಯ 34 ವಿಮಾನ ಅಪಘಾತಗಳಾದವು, ಅವುಗಳಲ್ಲಿ 19ಕ್ಕೆ ಸಿಬ್ಬಂದಿಯ ಮಾನವ ಲೋಪ ಕಾರಣ ಎಂಬುದು ನಮಗೆ ತಿಳಿದದ್ದು ಸಂಸದೀಯ ಸ್ಥಾಯಿ ಸಮಿತಿಯ ವರದಿಯಿಂದ. ಯುದ್ಧದ ಗುಟ್ಟು ಬಿಟ್ಟುಕೊಡಿ ಎಂದು ಯಾರೂ ಕೇಳುತ್ತಿಲ್ಲ. ಹಬ್ಬದ ದಿನ ಜನರ ನೆತ್ತಿಯ ಮೇಲೆ ನಡೆಯುವ ಪ್ರದರ್ಶನದಲ್ಲಿ ಗುಟ್ಟಾದರೂ ಏನಿದೆ? ಕೆನಡಾ ತನ್ನ ಸ್ನೋಬರ್ಡ್ಸ್ ವರದಿಯನ್ನು ಪ್ರಕಟಿಸಿತು. ಅದರಿಂದ ಆ ದೇಶದ ಭದ್ರತೆಗೆ ಧಕ್ಕೆ ಬರಲಿಲ್ಲ.

ಸೂರ್ಯಕಿರಣ ನೋಡಿ ವಾಯುಪಡೆ ಸೇರುವ ಕನಸು ಕಂಡ ಹುಡುಗ ಹುಡುಗಿಯರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಆ ಕನಸಿಗೆ ಬೆಲೆ ಇದೆ, ಆದ್ದರಿಂದ ಪ್ರದರ್ಶನ ನಿಲ್ಲಿಸಿ ಎಂದು ನಾನು ಹೇಳಲಾರೆ. ಎರಡು ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ಮುಂದಿನ ಏರೋ ಇಂಡಿಯಾ 2027ರಲ್ಲಿ ಬರಬೇಕು. ಮೊದಲ ತಾಲೀಮಿಗೆ ಮುಂಚೆಯೇ ವಾಯುಪಡೆ ಮತ್ತು ರಾಜ್ಯ ಸರ್ಕಾರ ಕಸರತ್ತಿನ ವಲಯದ ನಕ್ಷೆಯನ್ನು ಕನ್ನಡದಲ್ಲಿ ಪ್ರಕಟಿಸಲಿ. ಅದರ ಕೆಳಗೆ ಬರುವ ರಸ್ತೆಗಳನ್ನು ತಾಲೀಮಿನ ದಿನಗಳಲ್ಲೂ ಮುಚ್ಚಲಿ. ಟಿಕೆಟ್ ಕೊಳ್ಳಲಾಗದವರಿಗೆ ದೂರದ ಸುರಕ್ಷಿತ ಮೈದಾನವೊಂದನ್ನು ನೀರು, ನೆರಳಿನ ಸಮೇತ ಬಿಟ್ಟುಕೊಡಲಿ. ಪರೀಕ್ಷಾ ಹಾರಾಟದ ಸೀಮೆಯ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆಯಾದರೂ ಟಾಂಟಾಂ ಹೊಡೆಸಿ, ಪಾವಗಡದ ಕಡೆ ತೆಲುಗಿನಲ್ಲೂ, ಜನರಿಗೆ ತಿಳಿಹೇಳಲಿ. ಓದುಗರಲ್ಲೂ ಒಂದು ಕೋರಿಕೆ: ವಿಮಾನ ನೋಡಲು ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಬೇಡಿ. ಹೊಲದಲ್ಲಿ ಏನಾದರೂ ಬಿದ್ದದ್ದು ಕಂಡರೆ ಮಕ್ಕಳನ್ನು ಹತ್ತಿರ ಬಿಡಬೇಡಿ, ಮುಟ್ಟಬೇಡಿ, ಫೋಟೊ ತೆಗೆಯಲು ಹೋಗಬೇಡಿ; ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಅವಶೇಷದತ್ತ ಬೀಸುವಂತೆ ದೂರ ನಿಂತು 112ಕ್ಕೆ ಕರೆ ಮಾಡಿ.