ಗಾಣಗಾಪುರದ ದಾರಿಯಲ್ಲೇ ಕಲಬುರಗಿ

ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆ ಮನೆಯ ಸೊಸೆ ಇದ್ದಕ್ಕಿದ್ದಂತೆ ಬೇರೆ ದನಿಯಲ್ಲಿ ಮಾತಾಡತೊಡಗಿದರೆ ಹಿರಿಯರ ಬಾಯಲ್ಲಿ ಬರುವ ಮಾತು: "ಗಾಳಿ ಆಗೇದ, ಗಾಣಗಾಪುರಕ್ಕ ಕರ್ಕೊಂಡು ಹೋಗ್ರಿ." ಭೀಮಾ ಮತ್ತು ಅಮರಜಾ ಕೂಡುವಲ್ಲಿರುವ ಆ ದತ್ತ ಕ್ಷೇತ್ರಕ್ಕೆ ಇಂಥವರನ್ನು ಕರೆದೊಯ್ಯುವ ರೂಢಿ ಹಳೆಯದು. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕಬಹುದೇ?

ಮೈಮೇಲೆ ಬರುವುದೆಲ್ಲ ಕಾಯಿಲೆಯಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಜನ ಒಪ್ಪಿದ ಆಚರಣೆಯೊಳಗಿನ ಆವೇಶವನ್ನು ರೋಗವೆನ್ನುವುದಿಲ್ಲ. ಬೇಡವೆಂದರೂ ಬಂದು ಬದುಕನ್ನೇ ಕೆಡಿಸಿದಾಗ ಮಾತ್ರ ಅದು ರೋಗ. ಅದೇ ಪಟ್ಟಿಯಲ್ಲಿ ಒಬ್ಬರೊಳಗೇ ಹಲವು ವ್ಯಕ್ತಿತ್ವಗಳು ಕಾಣಿಸಿಕೊಳ್ಳುವ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಇದೆ, ದೀರ್ಘಕಾಲದ ಹಿಂಸೆ ಬಿಟ್ಟುಹೋಗುವ ಸಂಕೀರ್ಣ ಆಘಾತಕ್ಕೂ ಪ್ರತ್ಯೇಕ ಜಾಗವಿದೆ.

ಕನ್ನಡಿಗರಿಗೆ ಹಲವು ವ್ಯಕ್ತಿತ್ವಗಳ ಈ ಕಾಯಿಲೆ ಎಂದರೆ 2004ರ 'ಆಪ್ತಮಿತ್ರ' ಸಿನಿಮಾದ ನಾಗವಲ್ಲಿ. ನಿಜಜೀವನದಲ್ಲಿ ಅಷ್ಟು ಅಬ್ಬರವಿಲ್ಲ. ಮಧ್ಯಾಹ್ನದ ಎರಡು ತಾಸು ಎಲ್ಲಿ ಹೋದವೋ ತಿಳಿಯದು. ಕೊಂಡ ನೆನಪೇ ಇಲ್ಲದ ಸೀರೆ ಟ್ರಂಕಿನಲ್ಲಿ ಸಿಗುತ್ತದೆ. ಒಳಗಿನಿಂದ ಯಾರೋ ಬೈಯುತ್ತಾರೆ. ಜನ ನಕ್ಕಾರೆಂಬ ಅಂಜಿಕೆಯಿಂದ ಎಲ್ಲ ನೆನಪಿರುವವರಂತೆ ನಟಿಸುತ್ತಲೇ ಅಡುಗೆ, ಹೊಲ, ನೌಕರಿ ಸಾಗಿಸಬೇಕು.

ಬೇರು ಬಹಳ ಸಲ ಬಾಲ್ಯದಲ್ಲಿರುತ್ತದೆ. ಕಾಪಾಡಬೇಕಾದವರೇ ಮತ್ತೆ ಮತ್ತೆ ಹಿಂಸಿಸಿದರೆ ಮಗು ಎಲ್ಲಿಗೆ ಓಡೀತು? ಉಣ್ಣಬೇಕಾದದ್ದು ಅದೇ ಕೈಯಿಂದ. ಆ ನೋವನ್ನು ತನ್ನದಲ್ಲವೆಂಬಂತೆ ದೂರವಿಟ್ಟು ಅದು ಬದುಕಿ ಉಳಿಯುತ್ತದೆ.

ಗಾಣಗಾಪುರ ಕೊಡುವ ನೆಮ್ಮದಿ ಸುಳ್ಳಲ್ಲ. ಅಲ್ಲಿ ತಪ್ಪು ದೆವ್ವದ್ದು, ಹೆಣ್ಣಿನದಲ್ಲ. ಮನೆಯಲ್ಲಿ ಆಡಲಾಗದ್ದನ್ನು ಆಕೆ ಅಲ್ಲಿ ಕೂಗಿ ಹೇಳಬಹುದು. ತೊಡಕು ಆಮೇಲಿನದು. ದೆವ್ವ ಬಿಟ್ಟಿತೆಂದು ಆಕೆಯನ್ನು ವಾಪಸು ಕರೆತರುವುದು ಅದೇ ಮನೆಗೆ, ಹಿಂಸಿಸಿದವನು ಇನ್ನೂ ಕೂತಿರಬಹುದಾದ ಮನೆಗೆ. ಇನ್ನು ದೆವ್ವ ಬಿಡಿಸುವ ಹೆಸರಿನಲ್ಲಿ ಎಲ್ಲೇ ಹೊಡೆದರೂ ಕಟ್ಟಿಹಾಕಿದರೂ ಹಳೆಯ ಗಾಯಕ್ಕೆ ಹೊಸದು ಸೇರುತ್ತದೆ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಹಾಕಿದ್ದ 28 ಮಂದಿ ಮನೋರೋಗಿಗಳು ಬೆಂಕಿಯಲ್ಲಿ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋರೋಗಿಗಳಿಗೆ ಸರಪಳಿ ಹಾಕುವುದನ್ನೇ ನಿಷೇಧಿಸಿದೆ.

ಹಾಗಾದರೆ ದೇವರೋ ಡಾಕ್ಟರೋ? ಎರಡರಲ್ಲಿ ಒಂದನ್ನು ಆರಿಸಬೇಕಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ-ದುವಾ' ಹೆಸರಿನಲ್ಲಿ ಮುಜಾವರರೇ ಭಕ್ತರನ್ನು ಮನೋವೈದ್ಯರ ಬಳಿ ಕಳಿಸಿದರು. ಗಾಣಗಾಪುರದ ಅರ್ಚಕರಿಗೂ ಈ ದಾರಿ ಒಗ್ಗುತ್ತದೆ. ಕಮಲಾಪುರದಿಂದ ಅಲ್ಲಿಗೆ ಹೊರಟವರು ಕಲಬುರಗಿಯಲ್ಲೇ ಹಾದು ಹೋಗಬೇಕು. ಅಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಯಿದೆ. ಊರಲ್ಲೇ ಕೂತು ಟೆಲಿ-ಮಾನಸ್‌ಗೆ, 14416ಕ್ಕೆ, ಕನ್ನಡದಲ್ಲೇ ಪುಕ್ಕಟೆ ಮಾತಾಡಬಹುದು.

ಈ ಕಾಯಿಲೆಯನ್ನೇ ನೀಗಿಸುವ ಗುಳಿಗೆ ಇಲ್ಲ. ವರ್ಷಗಟ್ಟಲೆ ಮಾತಿನ ಚಿಕಿತ್ಸೆ ಬೇಕು, ಅದಕ್ಕೂ ಮೊದಲು ಅಂಜಿಕೆಯಿಲ್ಲದ ಮನೆ ಬೇಕು. ಆದ್ದರಿಂದ ಮನೆಯಲ್ಲಿ ಅಂಜಿಕೆ ಇದೆಯೇ ಎಂದು ವೈದ್ಯರು ಆಕೆಯನ್ನು ಒಬ್ಬಳನ್ನೇ ಕೂಡಿಸಿ ಕೇಳಬೇಕು. ಗಂಡ, ಅತ್ತೆ, ಅಣ್ಣ ಅಷ್ಟು ಹೊತ್ತು ಹೊರಗಿರಲಿ.